ಗಾಳಿ ಮೇಷ್ಟ್ರ ಬಣ್ಣದ ಬಳೆ

ಸಂಜೆಯಾಯಿತೆಂದರೆ ಸಾಕು, ಮೇಷ್ಟ್ರ ಹೆಂಡತಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆಕೆ ಹೊಲಿಗೆ ಯಂತ್ರ ತುಳಿಯುತ್ತ ಕೂರುವ ಕೋಣೆಯ ನೇರ ಮೇಲಕ್ಕೇ ತಾರಸಿ. ಮೊದಲು ಕುರ್ಚಿ ಎಳೆಯುವ ಸದ್ದು. ಆಮೇಲೆ ಎರಡು ಮೂರು ಜನ ಗಂಟಲು ಸರಿಪಡಿಸಿಕೊಳ್ಳುವ ಸದ್ದು. ಅದಾದ ಮೇಲೆ ಇಡೀ ಬೀದಿಗೇ ಕೇಳುವ ಹಾಗೆ ಗಂಡನ ದನಿ: "ನಕ್ಷತ್ರ ಮಿನುಗೋದಿಲ್ಲ. ಬರ್ಕೊಳ್ಳಿ! ನಕ್ಷತ್ರ ಮಿನುಗೋದೇ ಇಲ್ಲ!"

ಬರೆದುಕೊಳ್ಳಲು ಅಲ್ಲಿ ಯಾರ ಕೈಯಲ್ಲೂ ಪುಸ್ತಕವಿರಲಿಲ್ಲ. ಕೂತಿದ್ದವರೆಲ್ಲ ತಲೆ ನರೆಯತೊಡಗಿದ ಸಂಸಾರಸ್ಥರು. ಔಷಧಿ ಅಂಗಡಿಯವನು, ಕ್ಷೌರದ ಅಂಗಡಿಯವನು, ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದ ಹೆಂಗಸು. ಮೂವರೂ ಒಂದು ಕಾಲದಲ್ಲಿ ಮೇಷ್ಟ್ರ ಕೈಯಲ್ಲಿ ವಿಜ್ಞಾನ ಕಲಿತವರು. ಮೇಷ್ಟ್ರು ನಿವೃತ್ತರಾದರು, ಆದರೆ ಪಾಠ ನಿವೃತ್ತವಾಗಲಿಲ್ಲ. ಅಂಗಡಿ ಮುಚ್ಚಿ ಮನೆಗೆ ಹೋಗುವ ದಾರಿಯಲ್ಲಿ ಒಬ್ಬೊಬ್ಬರನ್ನೇ ಹಿಡಿದು ತಾರಸಿ ಹತ್ತಿಸುತ್ತಿದ್ದರು. ಪಾಪ, ಹಳೆಯ ಗುರುಗಳು ಕರೆದರೆ ಇಲ್ಲ ಎನ್ನುವುದು ಹೇಗೆ?

"ಹಾಗಾದ್ರೆ ಮಿನುಗಿಸೋದು ಯಾವುದು?"

"ಗಾಳಿ ಸಾರ್!"

ಮೂರೂ ಗಂಟಲು ಒಟ್ಟಿಗೆ. ಗಾಳಿ ಮೇಷ್ಟ್ರು ಎಂದು ಹೆಸರು ಬಿದ್ದದ್ದು ಇದಕ್ಕೇ. ಕೆಳಗೆ ಆಕೆ ಹಲ್ಲು ಕಚ್ಚಿ ಗುಂಡಿ ಹೊಲಿಯುತ್ತಿದ್ದಳು. ಮುಂದಿನದು ಆಕೆಗೆ ಬಾಯಿಪಾಠ. ನೀರಿನ ತೊಟ್ಟಿಯ ತಳದಲ್ಲಿ ನಾಣ್ಯ ಬಿದ್ದಿದೆ, ನೀರು ಅಲುಗಾಡಿದರೆ ನಾಣ್ಯವೂ ಅಲುಗಾಡಿದ ಹಾಗೆ ಕಾಣುತ್ತದೆ, ನಾಣ್ಯ ಮಾತ್ರ ಇದ್ದಲ್ಲೇ ಇರುತ್ತದೆ. ನಾವು ಗಾಳಿಯ ತೊಟ್ಟಿಯ ತಳದಲ್ಲಿ ಕೂತು ಮೇಲೆ ನೋಡುವವರು. ಬಿಸಿ ಗಾಳಿ, ತಣ್ಣನೆಯ ಗಾಳಿ ಒಂದರ ಮೇಲೊಂದು ಹೊರಳಾಡುತ್ತಿರುತ್ತವೆ. ನಕ್ಷತ್ರ ಎಷ್ಟು ದೂರವೆಂದರೆ ನಮಗೆ ಬರೀ ಒಂದು ಚುಕ್ಕಿ. ಆ ಚುಕ್ಕಿಯ ಬೆಳಕು ಗಾಳಿಯಲ್ಲಿ ಆಚೀಚೆ ಬಾಗಿ ಒಮ್ಮೆ ಕಣ್ಣಿಗೆ ಹೆಚ್ಚು ಬೀಳುತ್ತದೆ, ಒಮ್ಮೆ ಕಮ್ಮಿ. ಒಂದೊಂದು ಬಣ್ಣ ಒಂದೊಂದಿಷ್ಟು ಬಾಗುವುದರಿಂದ ಈಗ ಕೆಂಪು, ಈಗ ನೀಲಿ, ಈಗ ಹಸಿರು. ದಿಗಂತದ ಹತ್ತಿರವಿದ್ದರೆ ದಾಟಿ ಬರಬೇಕಾದ ಗಾಳಿ ಜಾಸ್ತಿ, ಕುಣಿತವೂ ಜಾಸ್ತಿ. ಗ್ರಹ ಹಾಗಲ್ಲ. ಹತ್ತಿರದ್ದು, ಪುಟ್ಟ ಬಿಲ್ಲೆಯಷ್ಟು ಅಗಲ. ಅದರ ಒಂದು ಕಡೆಯ ಬೆಳಕು ಕುಂದಿದರೆ ಇನ್ನೊಂದು ಕಡೆಯದು ಹೆಚ್ಚುತ್ತದೆ, ಒಟ್ಟಿನಲ್ಲಿ ನೆಟ್ಟಗೆ ನಿಂತು ಬೆಳಗುತ್ತದೆ.

ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿ ಆಕೆ ಬೆರಗಾಗಿದ್ದಳು. ಈಗ ಬೆರಗಾಗುವುದು ಹಾಗಿರಲಿ, ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿದು ಸದ್ದು ಮಾಡಿದರೂ ಆ ದನಿ ಮುಚ್ಚುತ್ತಿರಲಿಲ್ಲ. ಶಾಲೆಯೊಂದರ ಸಮವಸ್ತ್ರಗಳನ್ನು ಆಕೆ ಹೊಲಿದುಕೊಡಬೇಕಿತ್ತು. ಗಾಳಿಯ ಗಲಾಟೆಯಲ್ಲಿ ಎರಡು ಅಂಗಿಗಳಿಗೆ ಎಡಗೈ ತೋಳನ್ನೇ ಎರಡೂ ಕಡೆ ಇಟ್ಟು ಹೊಲಿದು, ಬಿಚ್ಚಿ, ಗಂಡನಿಗೆ ಶಾಪ ಹಾಕಿದ್ದೂ ಆಗಿತ್ತು.

ಬಳೆಯ ಕಾಟ ಶುರುವಾದದ್ದು ಇದರ ನಡುವೆ. ಒಂದು ದಿನ ತಾರಸಿಯಿಂದ ಇಳಿದು ಬಂದ ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ನಿಂತು ಬಲ್ಬನ್ನೇ ದಿಟ್ಟಿಸಿದರು.

"ಇದೇನೇ ಇದು, ಬಲ್ಬಿನ ಸುತ್ತ ಬಣ್ಣದ ಬಳೆ?"

"ಎಲ್ಲಿ?"

"ಅಯ್ಯೋ, ಕಾಣ್ಸಲ್ವಾ? ಕಾಮನಬಿಲ್ಲನ್ನ ದುಂಡಗೆ ಸುತ್ತಿಟ್ಟ ಹಾಗಿದೆ!"

ಆಕೆ ನೋಡಿದಳು. ಬಲ್ಬಿತ್ತು. ಬಲ್ಬಿನ ಮೇಲೆ ಒಂದಿಷ್ಟು ಒಗ್ಗರಣೆಯ ಜಿಡ್ಡಿತ್ತು. ಬಳೆ ಇರಲಿಲ್ಲ.

ಮಾರನೆಯ ದಿನ ಆಕೆಯ ತಮ್ಮನಿಗೆ ಕರೆ ಹೋಯಿತು. ತಮ್ಮ ಎಲೆಕ್ಟ್ರಿಷಿಯನ್. ಅವನೂ ಮೇಷ್ಟ್ರ ಶಾಲೆಯಲ್ಲೇ ಇದೇ ಭಾವನಿಂದ ಕಿವಿ ಹಿಂಡಿಸಿಕೊಂಡವನು. ಬಂದ, ಬಲ್ಬ್ ಬದಲಿಸಿದ, ಹೋದ. ಬಳೆ ಹೋಗಲಿಲ್ಲ. ಮತ್ತೆ ಬಂದ, ಬೇರೆ ಕಂಪನಿಯ ಬಲ್ಬ್ ಹಾಕಿದ. ಬಳೆ ಕದಲಲಿಲ್ಲ. ಮೂರನೆಯ ಸಲ ಸಂಜೆ ಹೊತ್ತು ಬಂದವನನ್ನು ಮೇಷ್ಟ್ರು ಭುಜ ಹಿಡಿದು ಬಲ್ಬಿನ ಕೆಳಗೆ ನಿಲ್ಲಿಸಿದರು.

"ಈಗ ಹೇಳು. ಕಾಣುತ್ತೋ ಇಲ್ವೋ?"

ತಮ್ಮ ಒಮ್ಮೆ ಬಲ್ಬ್ ನೋಡಿದ, ಒಮ್ಮೆ ಬೀದಿಯಲ್ಲಿ ನಿಲ್ಲಿಸಿದ್ದ ತನ್ನ ವ್ಯಾನ್ ನೋಡಿದ. "ಹಾಂ ಭಾವ. ಕಾಣುತ್ತೆ."

"ನೋಡಿದ್ಯೇನೇ? ಇದು ಕರೆಂಟಿನ ದೋಷ ಅಲ್ಲ. ನಿನ್ನ ಅಡುಗೆಮನೆಯ ಹಬೆ. ಬಿಸಿ ಗಾಳಿ, ತಣ್ಣನೆ ಗಾಳಿ..."

ಶುರುವಾಯಿತಪ್ಪ ಎಂದು ಆಕೆ ಪಾತ್ರೆ ಕುಕ್ಕಿದಳು.

ಬೀದಿಯ ದೀಪಕ್ಕೂ ಬಳೆ ಬಂತು. ಅಲ್ಲಿಗೆ ಯಾವ ಅಡುಗೆಮನೆಯ ಹಬೆ ಹೋಗಿತ್ತೋ ದೇವರೇ ಬಲ್ಲ. ತಾರಸಿಯ ಮೇಲೆ ಮೇಷ್ಟ್ರು "ಕಾಣುತ್ತೇನ್ರೋ?" ಎಂದರೆ "ಹೌದು ಸಾರ್" ಎಂದು ಮೂವರೂ ರಾಗ ಎಳೆದರು. ಕೊನೆಗೆ ಪಡುವಣದಲ್ಲಿ ಬೆಳಗುತ್ತಿದ್ದ ಶುಕ್ರನಿಗೂ ಬಳೆ ತೊಡಿಸಿದ್ದಾಯಿತು. "ಈ ವರ್ಷ ಗಾಳಿ ಎಷ್ಟು ಕೆಟ್ಟಿದೆ ನೋಡಿ, ಗ್ರಹವನ್ನೂ ಬಿಟ್ಟಿಲ್ಲ!" ಎಂದರು ಮೇಷ್ಟ್ರು. ಗ್ರಹ ನೆಟ್ಟಗೆ ಬೆಳಗುತ್ತದೆಂದು ಜೀವಮಾನವೆಲ್ಲ ಹೇಳಿಕೊಂಡು ಬಂದ ಬಾಯಿಯೇ ಅದು. ಒಬ್ಬರಾದರೂ ಇದೇನು ಸಾರ್ ಎನ್ನಬೇಡವೇ? ಹೌದು ಸಾರ್, ಹೌದು ಸಾರ್.

ಕಾಣದೆ ಇದ್ದದ್ದು ಆಕೆಯೊಬ್ಬಳಿಗೆ.

"ನಿನ್ನ ಕಣ್ಣು ಮಂದವಾಗಿದೆ. ಹೋಗಿ ತೋರಿಸ್ಕೋ," ಎಂದರು ಮೇಷ್ಟ್ರು, ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದಲ್ಲಿಂದಲೇ. ಈಚೆಗೆ ತಾರಸಿಯಿಂದ ಇಳಿದವರೇ ಹೀಗೆ ಮಲಗಿಬಿಡುತ್ತಿದ್ದರು. ಮೇಲೆ ನೋಡಿ ನೋಡಿ ಕುತ್ತಿಗೆ ಹಿಡಿದು ಬರುವ ತಲೆನೋವಂತೆ. ಔಷಧಿ ಅಂಗಡಿಯವನು ಮುಲಾಮು ಕೊಟ್ಟಿದ್ದ, ಮಾತ್ರೆ ಕೊಟ್ಟಿದ್ದ. ಬೆಳಿಗ್ಗೆ ಏಳುವಾಗ ನೋವು ಮಾಯ. ಅಷ್ಟು ಹೊತ್ತು ಕಿರುಚಿದರೆ ಯಾರಿಗಾದರೂ ತಲೆ ನೋಯುತ್ತದೆ ಎಂದು ಆಕೆಯೂ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಆದರೆ ಕಣ್ಣಿನ ಮಾತು ಚುಚ್ಚಿತು. ಈ ವಯಸ್ಸಿನಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವಳು ತಾನೆಂಬ ಜಂಬ ಆಕೆಗಿತ್ತು. ಗಂಡನೊಬ್ಬನೇ ಹೇಳಿದ್ದರೆ ಸೊಪ್ಪು ಹಾಕುತ್ತಿರಲಿಲ್ಲ. ಆದರೆ ಒಡಹುಟ್ಟಿದ ತಮ್ಮ? ದಿನವೆಲ್ಲ ನೋಟು ಎಣಿಸುವ ಕ್ಯಾಶಿಯರಮ್ಮ? ಕತ್ತಿ ಹಿಡಿದು ಊರವರ ಗಲ್ಲ ಬೋಳಿಸುವವನು? ಇವರೆಲ್ಲರಿಗೂ ಕಂಡದ್ದು ತನಗೆ ಕಾಣದಿದ್ದರೆ? ಕಣ್ಣು ಹೋದರೆ ಹೊಲಿಗೆ ಹೋಯಿತು. ಬಲ್ಬನ್ನು ಕಣ್ಣಲ್ಲಿ ನೀರು ಸುರಿಯುವಷ್ಟು ಹೊತ್ತು ದಿಟ್ಟಿಸಿ ನೋಡಿ, ಏನೂ ಕಾಣದೆ, ಮಾರನೆಯ ದಿನ ಗಂಡನಿಗೆ ಹೇಳದೆ ಕಣ್ಣಿನ ಆಸ್ಪತ್ರೆಗೆ ಹೋದಳು. ಹೇಳಿದ್ದರೆ ಕಣ್ಣಿನ ಮೇಲೂ ಪಾಠ ಕೇಳಬೇಕಾಗುತ್ತಿತ್ತು.

ಕಾಯುವವರ ಬೆಂಚು ತುಂಬಿತ್ತು. ಆಕೆಯ ಸರದಿ ಬರುವ ಹೊತ್ತಿಗೆ ಸಂಜೆ ಹತ್ತಿರವಾಗಿತ್ತು. ಡಾಕ್ಟರಮ್ಮ ಬೆಳಗ್ಗಿನಿಂದ ರೋಗಿಗಳನ್ನು ನೋಡಿ ನೋಡಿ ಸೋತಿದ್ದಳು. ಅಕ್ಷರ ಓದಿಸಿದಳು, ಗದ್ದವನ್ನು ಯಂತ್ರದ ಮೇಲೆ ಇಡಿಸಿದಳು, ಒಳಗೆ ಬೆಳಕು ಬಿಟ್ಟು ನೋಡಿದಳು.

"ಕಣ್ಣು ಚೆನ್ನಾಗಿದೆಯಲ್ಲಮ್ಮ. ಏನು ತೊಂದ್ರೆ ಅಂತ ಬಂದ್ರಿ?"

"ದೀಪದ ಸುತ್ತ ಬಣ್ಣದ ಬಳೆ ಕಾಣಿಸ್ತಿಲ್ಲ."

"ಕಾಣಿಸ್ತಿದೆ ಅಂತೀರಾ?"

"ಇಲ್ಲ ಡಾಕ್ಟ್ರೇ, ಕಾಣಿಸ್ತಿಲ್ಲ. ಎಲ್ರಿಗೂ ಕಾಣುತ್ತೆ, ನಂಗೊಬ್ಬಳಿಗೇ ಇಲ್ಲ."

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದಳು. ಹೊರಗೆ ಇನ್ನೂ ಅರ್ಧ ಬೆಂಚು ಜನರಿದ್ದಾರೆ, ಈಕೆ ಬಳೆ ಕಾಣುತ್ತಿಲ್ಲವೆಂದು ಬಂದಿದ್ದಾಳೆ. "ಅಮ್ಮಾ, ಕಾಣಬಾರದು. ಕಾಣದೆ ಇದ್ರೇನೇ ಒಳ್ಳೇದು. ಯಾರಿಗೆ ಕಾಣುತ್ತೆ?"

"ನಮ್ಮನೆಯವ್ರಿಗೆ, ನನ್ನ ತಮ್ಮನಿಗೆ, ಔಷಧಿ ಅಂಗಡಿ..."

"ಮೊದ್ಲು ಯಾರಿಗೆ ಕಂಡಿದ್ದು?"

"ನಮ್ಮನೆಯವ್ರಿಗೆ."

"ಕತ್ತಲಲ್ಲಿ ಇದ್ದು ಬಂದ ಮೇಲಾ?"

"ದಿನಾ ಕತ್ತಲಲ್ಲೇ ಕೂರ್ತಾರೆ, ನಕ್ಷತ್ರ ನೋಡ್ತಾ."

"ಹುಬ್ಬಿನ ಮೇಲೆ ನೋವು?"

"ತಲೆನೋವು ಅಂತಾರೆ. ಹೌದು, ಬಲಗಡೆ ಹುಬ್ಬು ಒತ್ತಿಕೊಂಡೇ ಮಲಗ್ತಾರೆ."

"ಬೆಳಿಗ್ಗೆ ಸರಿಹೋಗುತ್ತೆ ಅಲ್ವಾ?"

ಆಕೆ ಹೌದೆಂದ ಕೂಡಲೇ ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ನಿಧಾನವಾಗಿ ಬಿಡಿಸಿ ಹೇಳಿದಳು. ಕಣ್ಣೊಳಗೆ ನೀರು ಹರಿಯುತ್ತದಂತೆ, ಅಂಚಿನಲ್ಲಿ ಅದು ಹೊರಗೆ ಹೋಗುವ ದಾರಿಯಿದೆಯಂತೆ. ಕೆಲವರಿಗೆ ಆ ದಾರಿ ಇಕ್ಕಟ್ಟು. ಕತ್ತಲಲ್ಲಿ ಕೂತರೆ ಕಣ್ಣಪಾಪೆ ಅರಳಿ, ಅದರ ಸುತ್ತಲಿನ ಬಣ್ಣದ ಪೊರೆ ಮುದುರಿ ಆ ದಾರಿಯನ್ನು ಮುಚ್ಚುತ್ತದೆ. ಒಳಗೆ ಒತ್ತಡ ಏರುತ್ತದೆ, ಕಣ್ಣಿನ ಮುಂದಿರುವ ಗಾಜಿನಂಥ ಪದರ ನೀರು ಹೀರಿ ಊದುತ್ತದೆ, ಆಗ ದೀಪದ ಸುತ್ತ ಬಳೆ ಕಾಣುತ್ತದೆ.

"ಗಾಳಿ ಅಂತಾರಲ್ಲ ಡಾಕ್ಟ್ರೇ ಅವರು?"

"ನಕ್ಷತ್ರದ್ದು ಗಾಳಿ, ಸರಿ. ಇದು ಅವರ ಕಣ್ಣಿಂದು. ಇವತ್ತೇ ಕರ್ಕೊಂಡ್ಬನ್ನಿ. ನಾಳೆ ಅಲ್ಲ, ಇವತ್ತು. ನಾನು ಕಾಯ್ತೀನಿ. ಒಂದ್ಸಲ ಪೂರ್ತಿ ಕಟ್ಕೊಂಡು ಬಿಟ್ಟುಕೊಳ್ಳಲಿಲ್ಲ ಅಂದ್ರೆ ಒಂದೆರಡು ದಿನದಲ್ಲೇ ಕಣ್ಣು ಹೋಗ್ಬಹುದು. ಹೋದದ್ದು ಯಾವ ಆಪರೇಷನ್ ಮಾಡಿದ್ರೂ ವಾಪಸ್ ಬರಲ್ಲ. ಕತ್ತಲಲ್ಲಿ ಮಾತ್ರ ಕೂರೋಕೆ ಬಿಡ್ಬೇಡಿ."

ಆಕೆ ಮೆಟ್ಟಿಲಿಳಿಯುತ್ತಲೇ ತಮ್ಮನಿಗೆ ಫೋನ್ ಮಾಡಿದಳು. ಅವನ ವ್ಯಾನಿನಲ್ಲಿ ತಂತಿ ಸುರುಳಿಗಳ ನಡುವೆ ಕೂತು, ದಾರಿಯುದ್ದಕ್ಕೂ ಅವನಿಗೆ ಸಹಸ್ರನಾಮಾರ್ಚನೆ ಮಾಡಿದಳು. "ಕಾಣುತ್ತೆ ಅಂದ್ಯಲ್ಲೋ! ನಿಜವಾಗ್ಲೂ ಕಂಡಿತ್ತಾ?"

"ಇಲ್ಲಕ್ಕ. ಇನ್ನೊಂದು ಮನೆ ಕೆಲಸಕ್ಕೆ ಹೊತ್ತಾಗ್ತಿತ್ತು. ಇಲ್ಲ ಅಂದಿದ್ರೆ ಭಾವ ಬಿಡ್ತಿದ್ರಾ?"

ಆಕೆಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅವನು ಗಾಡಿ ಓಡಿಸುತ್ತಿದ್ದುದರಿಂದ ಬಚಾವಾದ.

ಮನೆ ಮುಟ್ಟುವ ಹೊತ್ತಿಗೆ ಸಂಜೆ ಮುಗಿದು ಕತ್ತಲಾಗಿತ್ತು. ತಾರಸಿಯ ಮೇಲೆ ಪಾಠ ನಡೆಯುತ್ತಿತ್ತು. ಆಕೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ಮೊದಲು ಅಲ್ಲಿದ್ದ ದೀಪ ಹಾಕಿದಳು.

"ಏಯ್, ಆರಿಸೇ! ಈಗಷ್ಟೇ ಕಣ್ಣು ಕತ್ತಲೆಗೆ ಹೊಂದ್ಕೊಂಡಿತ್ತು."

"ಏಳ್ರೀ. ಆಸ್ಪತ್ರೆಗೆ ಹೋಗ್ಬೇಕು. ನಿಮ್ಮ ಕಣ್ಣಲ್ಲಿ ಒತ್ತಡ ಏರಿದೆಯಂತೆ. ಬಳೆ ಕಾಣೋದು ಕಾಯಿಲೆಯಂತೆ."

"ಯಾರು ಹೇಳಿದ್ದು?"

"ಕಣ್ಣಿನ ಡಾಕ್ಟ್ರು."

"ನನ್ನ ಕಣ್ಣನ್ನ ಎಲ್ಲಿ ನೋಡಿದ್ಲು ಆಕೆ? ನಿನ್ನ ಕಣ್ಣು ನೋಡಿ ನನ್ನ ಕಾಯಿಲೆ ಹೇಳಿದ್ಲಾ? ಭೇಷ್!" ಮೇಷ್ಟ್ರು ಕುರ್ಚಿಯಲ್ಲೇ ತಿರುಗಿದರು. ಬಲಗಣ್ಣು ಕೆಂಪಗಿತ್ತು. ಅದನ್ನು ಇಷ್ಟು ದಿನ ತಾನೇಕೆ ನೋಡಲಿಲ್ಲವೆಂದು ಆಕೆಗೆ ಅಳು ಬಂತು. "ಬಳೆ ಕಾಣೋದು ಕಾಯಿಲೆ ಅಂದ್ರೆ ಈ ಬೀದಿಗೆ ಬೀದಿನೇ ಕಾಯಿಲೆ ಬಿದ್ದಿದೆಯಾ? ಕೇಳು ಬೇಕಾದ್ರೆ. ಬೀದಿ ದೀಪದ ಸುತ್ತ ಬಳೆ ಇದೆಯೇನ್ರೋ?"

"ಹೌದು ಸಾರ್."

ಮೂವರ ಜೊತೆ ನಾಲ್ಕನೆಯ ದನಿಯೂ ಸೇರಿತ್ತು. ಮೆಟ್ಟಿಲ ಬಾಯಲ್ಲಿ ನಿಂತಿದ್ದ ತಮ್ಮ ಅಭ್ಯಾಸಬಲದಿಂದ ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಆಕೆಗೆ ಮೈಯೆಲ್ಲ ಉರಿದುಹೋಯಿತು.

"ನಿಮ್ಮ ಹೌದಿಗಿಷ್ಟು ಬೆಂಕಿ ಹಾಕ! ಸುಳ್ಳು ಹೇಳ್ತಿದಾರೆ ಕಣ್ರೀ ಇವ್ರು, ನಿಮ್ಮ ಕಾಟ ತಪ್ಪಿಸ್ಕೊಳ್ಳೋಕೆ!"

"ನನ್ನ ಹುಡುಗ್ರು ನನ್ನ ಹತ್ರ ಸುಳ್ಳು ಹೇಳಲ್ಲ." ಮೇಷ್ಟ್ರ ದನಿ ಗಡುಸಾಯಿತು. "ನಿನಗೆ ಸಮಾಧಾನ ಆಗ್ಲಿ, ಪರೀಕ್ಷೆ ಮಾಡೇಬಿಡ್ತೀನಿ."

ಅದು ಅವರ ಹಳೆಯ ವಿದ್ಯೆ. ಪ್ರಯೋಗಶಾಲೆಯಲ್ಲಿ ಹುಡುಗರು ಪ್ರಯೋಗ ಮಾಡದೆ ಪಕ್ಕದವನದನ್ನು ನೋಡಿ ಬರೆದಿದ್ದಾರೆಂಬ ಅನುಮಾನ ಬಂದರೆ, ಒಬ್ಬೊಬ್ಬನನ್ನೇ ಮೇಜಿನ ಹತ್ತಿರ ಕರೆದು, ಕಣ್ಣಾರೆ ಕಂಡವನಿಗೆ ಮಾತ್ರ ಗೊತ್ತಿರುವ ಒಂದೇ ಪ್ರಶ್ನೆಯನ್ನು ಪಿಸುದನಿಯಲ್ಲಿ ಕೇಳುತ್ತಿದ್ದರು. ಈಗಲೂ ಹಾಗೇ ಮಾಡಿದರು. ಔಷಧಿ ಅಂಗಡಿಯವನನ್ನು ಹತ್ತಿರ ಕರೆದು, "ಬಳೆಯ ಹೊರಗಿನ ಅಂಚು ಯಾವ ಬಣ್ಣ?" ಎಂದರು. ಅವನು ಬೆವರಿ, "ಹಸಿರು ಸಾರ್" ಎಂದ. ಕ್ಷೌರದ ಅಂಗಡಿಯವನು ನೀಲಿಯೆಂದ. ಕ್ಯಾಶಿಯರಮ್ಮ ದೀಪದ ಕಡೆ ಕಣ್ಣು ಕಿರಿದು ಮಾಡಿ, ಹಳದಿ ಇರಬೇಕು ಸಾರ್ ಎಂದಳು.

ಮೇಷ್ಟ್ರು ಬೀದಿ ದೀಪದ ಕಡೆ ನೋಡಿದರು. ಅವರಿಗೆ ಕಾಣುತ್ತಿದ್ದ ಬಳೆಯ ಹೊರ ಅಂಚು ಕೆಂಪು, ಎದ್ದು ಕಾಣುವ ಕೆಂಪು. ಮತ್ತೆ ಈ ಮೂವರ ಮುಖ ನೋಡಿದರು. ನೋಡಿ ಬರೆದವರ ಮುಖ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನಿಂಗೆ?" ಎಂದರು ಭಾಮೈದನಿಗೆ.

"ನಂಗೆ ದೀಪ ಕಾಣುತ್ತೆ ಭಾವ, ಅಷ್ಟೆ. ಅವತ್ತೂ ಅಷ್ಟೇ ಕಂಡಿದ್ದು."

"ಮತ್ತೆ ಹೌದು ಅಂದಿದ್ದು ಯಾಕ್ರೋ ಎಲ್ರೂ?"

ಕ್ಯಾಶಿಯರಮ್ಮನೇ ಹೇಳಿದಳು, ನೆಲ ನೋಡಿಕೊಂಡು: "ಇಲ್ಲ ಅಂದ್ರೆ ನೀವು ಬಿಡ್ತಿರಲಿಲ್ಲ ಸಾರ್. ಹೌದು ಅಂದ್ರೆ ಬೇಗ ಮನೆಗೆ ಕಳಿಸ್ತಿದ್ರಿ."

ಮೇಷ್ಟ್ರ ಮುಖ ಇಷ್ಟೇ ಇಷ್ಟಾಯಿತು. ಹೆಂಡತಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ಆಕೆ ರಟ್ಟೆ ಹಿಡಿದಳು, ಅವರು ಎದ್ದರು. ವ್ಯಾನಿನಲ್ಲಿ ತಂತಿ ಸುರುಳಿಗಳ ನಡುವೆ ಹೋಗಿ ಕೂತರು.

ಡಾಕ್ಟರಮ್ಮ ಹೇಳಿದ್ದ ಹಾಗೇ ಕಾದಿದ್ದಳು. ಒತ್ತಡ ಅಳೆದವಳು ಸಣ್ಣಗೆ ಶಿಳ್ಳೆ ಹಾಕಿ, ಆಮೇಲೆ ರೋಗಿಯ ಮುಂದೆ ಹಾಗೆ ಮಾಡಬಾರದಿತ್ತೆಂದು ಗಂಭೀರಳಾದಳು. ಹನಿ ಹಾಕಿದರು, ಮಾತ್ರೆ ನುಂಗಿಸಿದರು. ಒತ್ತಡ ಇಳಿದ ಮೇಲೆ ಲೇಸರಿನಲ್ಲಿ ಎರಡೂ ಕಣ್ಣಿನ ಆ ಬಣ್ಣದ ಪೊರೆಗೆ ಸೂಜಿಮೊನೆಯಷ್ಟು ತೂತು ಕೊರೆದು ನೀರಿಗೆ ಬೇರೆ ದಾರಿ ಮಾಡಿಕೊಟ್ಟರು. ಎಡಗಣ್ಣು ಪೂರ್ತಿ ಉಳಿಯಿತು. ಬಲಗಣ್ಣಿನಲ್ಲಿ ಮೂಗಿನ ಕಡೆಯ ಒಂದು ಪಾಲು ನೋಟ ಆಗಲೇ ಹೋಗಿತ್ತು. ಅದು ಇನ್ನು ಬರುವುದಿಲ್ಲ ಎಂದಳು ಡಾಕ್ಟರಮ್ಮ. "ಬಳೆ ಕಂಡ ಮೊದಲ ವಾರವೇ ಬಂದಿದ್ರೆ ಇದೂ ಉಳಿತಿತ್ತು."

ಆ ಮಾತಿಗೆ ಮೇಷ್ಟ್ರು ತಲೆಯಾಡಿಸಿದರು, ಅಷ್ಟೆ.

ಬಳೆಗಳು ಹೋದವು. ತಲೆನೋವು ಹೋಯಿತು. ಅವುಗಳ ಜೊತೆಗೆ ಪಾಠವೂ ಹೋಯಿತು. ಕತ್ತಲಲ್ಲಿ ಕೂರಲು ಈಗ ಅಡ್ಡಿಯಿಲ್ಲವೆಂದು ಡಾಕ್ಟರಮ್ಮ ಹೇಳಿದರೂ ಮೇಷ್ಟ್ರು ಯಾರನ್ನೂ ತಾರಸಿಗೆ ಕರೆಯಲಿಲ್ಲ. ಹಳೆಯ ಶಿಷ್ಯರು ನಾಚಿಕೆಯಿಂದ ಬೇರೆ ಬೀದಿ ಸುತ್ತಿಕೊಂಡು ಮನೆಗೆ ಹೋಗತೊಡಗಿದರು. ಮನೆಯಲ್ಲೂ ಏನು ಕೇಳಿದರೂ "ಇರ್ಬಹುದು", "ಗೊತ್ತಿಲ್ಲ", "ನೀನೇ ನೋಡು". ಹಾಲು ಕೆಟ್ಟಿದೆಯಾ ಎಂದರೆ ಮೂಸಿ ನೋಡಿ, ನಂಗೇನೋ ಹಾಗನ್ಸುತ್ತೆ, ನೀನೂ ನೋಡು ಎನ್ನುತ್ತಿದ್ದರು. ಎದುರು ಕೂತವರು ತಲೆಯಾಡಿಸಿದರೆ ಮಾತನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದರು.

ಈಗ ಆಕೆ ನೆಮ್ಮದಿಯಾಗಿ ಹೊಲಿಯಬಹುದಿತ್ತು. ಇಷ್ಟು ವರ್ಷ ಬಯಸಿದ್ದ ಮೌನ ತಲೆಯ ಮೇಲೆ ಬಂದು ಕೂತಿತ್ತು. ಆದರೆ ಮೇಲಿನಿಂದ ಸದ್ದೇ ಇಲ್ಲದ ಆ ಸಂಜೆಗಳಲ್ಲಿ ಆಕೆಗೆ ಮೊದಲಿಗಿಂತ ಹೆಚ್ಚು ರೇಗುತ್ತಿತ್ತು. ಯಂತ್ರ ತುಳಿಯುವುದು, ನಿಲ್ಲಿಸಿ ಮೇಲೆ ಕಿವಿಗೊಡುವುದು, ಮತ್ತೆ ತುಳಿಯುವುದು. ಈ ಮನುಷ್ಯ ಮಾತಾಡಿದರೂ ಕಷ್ಟ, ಬಾಯಿ ಮುಚ್ಚಿದರೂ ಕಷ್ಟ. ಒಂದು ಸಂಜೆ ತಡೆಯಲಾರದೆ ಅರ್ಧ ಹೊಲಿದ ಅಂಗಿಯನ್ನು ಯಂತ್ರದ ಮೇಲೇ ಬಿಟ್ಟು ತಾರಸಿ ಹತ್ತಿದಳು.

ಮೇಷ್ಟ್ರು ಒಬ್ಬರೇ ಕೂತಿದ್ದರು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಿನಲ್ಲಿ ಮೂಡಣದ ಕೆಳಗಿನ ಒಂದು ನಕ್ಷತ್ರವನ್ನು ನೋಡುತ್ತಿದ್ದರು. ಹೆಜ್ಜೆ ಸದ್ದು ಕೇಳಿದರೂ ಕೈ ತೆಗೆಯಲಿಲ್ಲ.

"ಅದರ ಎಡಗಡೆ ಇನ್ನೊಂದು ಇರ್ಬೇಕು," ಎಂದರು. "ಈ ಕಣ್ಣಿಗೆ ಇಲ್ಲ. ನಿಂಗೆ ಇದೆಯಾ?"

ಆಕೆ ನೋಡಿದಳು. "ಇದೆ."

"ಮಿನುಗ್ತಿದೆಯಾ?"

"ಮಿನುಗ್ತಿದೆ."

"ಬಣ್ಣ?"

"ಕೆಂಪು. ಇಲ್ಲ ಇಲ್ಲ, ಹಸಿರು. ಈಗ ಬಿಳಿ. ಥೂ, ನೆಟ್ಟಗೆ ಒಂದು ಕ್ಷಣ ನಿಲ್ಲಲ್ಲ ಅದು."

ಅವರು ಹೂಂ ಎಂದರು. ಆಕೆ ಕಾದಳು. ಇನ್ನೇನು ಬರುತ್ತದೆ, ಬಂದೇ ಬರುತ್ತದೆ ಎಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾದಳು. ಬರಲಿಲ್ಲ. ಅವರು ಕಣ್ಣಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಕೆಯೇ ದನಿ ಏರಿಸಿದಳು.

"ಯಾಕೆ ಹಾಗೆ ಬಣ್ಣ ಬದಲಾಯಿಸುತ್ತೆ ಅದು?"

"ನಿಂಗೆ ಗೊತ್ತಲ್ಲ."

"ಗೊತ್ತಿದ್ರೆ ಕೇಳ್ತಿದ್ನಾ?"

ಮೇಷ್ಟ್ರು ಆಕೆಯ ಕಡೆ ತಿರುಗಿದರು. "ನಾನು ಹೇಳೋದು ತಪ್ಪಾಗಿದ್ರೆ?"

ಆಕೆ ಕಾಲಿನಿಂದಲೇ ಒಂದು ಕುರ್ಚಿ ಎಳೆದು, ಅವರ ಎದುರಿಗೇ ಧೊಪ್ಪನೆ ಕೂತಳು.

"ತಪ್ಪಾಗಿದ್ರೆ ತಪ್ಪು ಅಂತೀನಿ. ಬೇಜಾರಾದ್ರೆ ಬೇಜಾರು ಅಂತೀನಿ. ಈಗ ಶುರು ಮಾಡ್ರೀ ಬೇಗ, ಕೆಳಗೆ ನಂಗೆ ಹೊಲಿಗೆ ಬಿದ್ದಿದೆ."